ಹೊಟ್ಟೆಯೊಳಗಿನ ಕೂಸಿನ ಮೂತ್ರದ ದಾರಿ ಕಟ್ಟಿದಾಗ: ಕುರಿಮರಿಗಳಿಂದ ಕಲಿತ ದೋಷಪತ್ತೆಯ ಕ್ರಮ

ಚಳ್ಳಕೆರೆ, ಜಗಳೂರು, ಮೊಳಕಾಲ್ಮುರು, ಹೊಳಲ್ಕೆರೆ ಕಡೆಯ ಗರ್ಭಿಣಿಯರು ಐದನೇ ತಿಂಗಳ ಸ್ಕ್ಯಾನಿಂಗ್ ರಿಪೋರ್ಟ್ ಹಿಡಿದು ದಾವಣಗೆರೆಗೆ ಬರುತ್ತಾರೆ. ಆ ರಿಪೋರ್ಟಿನಲ್ಲಿ ಮೂರು ಮಾತು ಒಟ್ಟಿಗೆ ಇದ್ದರೆ ಈ ಕೈಪಿಡಿ ಬೇಕಾಗುತ್ತದೆ: ಮಗುವಿನ ಮೂತ್ರಕೋಶ ದೊಡ್ಡದಾಗಿದೆ, ಎರಡೂ ಕಿಡ್ನಿ ಊದಿವೆ, ಗರ್ಭದ ನೀರು ಕಡಿಮೆ ಇದೆ. ಹೆರಿಗೆ ವಿಭಾಗದ ಕಿರಿಯ ವೈದ್ಯರು, ತಾಲ್ಲೂಕು ಕೇಂದ್ರಗಳಲ್ಲಿ ಸ್ಕ್ಯಾನಿಂಗ್ ಮಾಡುವವರು, ರಿಪೋರ್ಟ್ ಓದಿ ಗಾಬರಿಯಾದ ಮನೆಯವರು ಎಲ್ಲರಿಗೂ ಇದು ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ಎಷ್ಟು ಊದಿದೆ ಎಂದು ಅಳೆಯುವುದರಲ್ಲೇ ಎಲ್ಲರ ಗಮನ ಹೋಗುತ್ತದೆ. ಕೂಸಿನ ಗತಿ ನಿಜವಾಗಿ ನಿಂತಿರುವುದು ದಾರಿ ಯಾವಾಗ ಕಟ್ಟಿತು, ಅಷ್ಟರಲ್ಲಿ ಕಿಡ್ನಿ ಎಷ್ಟು ಬೆಳೆದಿತ್ತು ಅನ್ನುವುದರ ಮೇಲೆ. ಇದನ್ನು ನಮಗೆ ಖಚಿತವಾಗಿ ತೋರಿಸಿಕೊಟ್ಟದ್ದು ಗಬ್ಬದ ಕುರಿಗಳ ಮೇಲೆ ನಡೆದ ಪ್ರಯೋಗಗಳು. ಕೆಳಗಿನ ಪ್ರತಿ ಹಂತದಲ್ಲೂ ಆ ಪ್ರಯೋಗಗಳ ಪಾಠ ಇದೆ.

ನೀರು ಎಲ್ಲಿಂದ ಬರುತ್ತದೆ

ಗರ್ಭದ ನೀರಿನ ಮೂಲ ತಿಳಿಯದೆ ಈ ದೋಷ ಹುಡುಕಲು ಆಗುವುದಿಲ್ಲ. ಮೊದಲ ಮೂರು ಮೂರೂವರೆ ತಿಂಗಳು ಆ ನೀರು ಹೆಚ್ಚಾಗಿ ಪೊರೆಗಳ ಮೂಲಕ, ತಾಯಿಯ ಕಡೆಯಿಂದ ಬರುತ್ತದೆ. ಸುಮಾರು 16 ವಾರದ ನಂತರ ಅದರ ಬಹುಪಾಲು ಕೂಸಿನ ಮೂತ್ರವೇ. ಕೂಸು ಆ ನೀರನ್ನು ನುಂಗುತ್ತದೆ, ಮತ್ತೆ ಮೂತ್ರವಾಗಿ ಹೊರಬಿಡುತ್ತದೆ. ಹಾಗಾಗಿ ಮನೆಯವರು ಮೂರನೇ ತಿಂಗಳ ಹಳೇ ರಿಪೋರ್ಟ್ ತೋರಿಸಿ ‘ಆಗ ನೀರು ಸರಿ ಇತ್ತಲ್ಲ ಡಾಕ್ಟ್ರೇ’ ಎಂದರೆ, ಅದನ್ನು ನೋಡಿ ಕಿಡ್ನಿ ಆಗ ಚೆನ್ನಾಗಿತ್ತು ಎಂದು ತೀರ್ಮಾನಿಸಬೇಡಿ. ಆ ವಯಸ್ಸಿನ ನೀರು ಕಿಡ್ನಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಎಲ್ಲಿ ಕಟ್ಟಿದೆ

ಒಂದೇ ಕಿಡ್ನಿ ಊದಿ, ಇನ್ನೊಂದು ಸರಿಯಿದ್ದು, ನೀರೂ ಸರಿಯಿದ್ದರೆ ತಡೆ ಮೇಲೆಯೇ ಇದೆ. ಕಿಡ್ನಿಯಿಂದ ಮೂತ್ರನಾಳ ಹೊರಡುವ ಸಂದಿಯಲ್ಲಿ ಇರುವುದೇ ಹೆಚ್ಚು. ಇಂಥ ಕೂಸಿಗೆ ಗರ್ಭದಲ್ಲಿ ಯಾವ ಚಿಕಿತ್ಸೆಯೂ ಬೇಡ. ಒಂದು ಕಿಡ್ನಿ ಮಾಡುವ ಮೂತ್ರ ಶ್ವಾಸಕೋಶ ಬೆಳೆಯಲು ಸಾಕು. ಹುಟ್ಟಿದ ಮೇಲೆ ನೋಡಿಕೊಳ್ಳೋಣ ಎಂದು ಧೈರ್ಯ ಹೇಳಿ ಕಳಿಸಬಹುದು. ಕಿಡ್ನಿಯ ಪೆಲ್ವಿಸ್ (ಮೂತ್ರ ಕೂಡುವ ಒಳಗಿನ ಬಟ್ಟಲು) ಅನ್ನು ಮುಂದಿನಿಂದ ಹಿಂದಕ್ಕೆ ಅಳೆದಾಗ 28 ವಾರದ ಒಳಗೆ 4 ಮಿಲಿಮೀಟರ್, ಆಮೇಲೆ 7 ಮಿಲಿಮೀಟರ್ ಮುಟ್ಟದಿದ್ದರೆ ಅದು ದೋಷವೇ ಅಲ್ಲ.

ಎರಡೂ ಕಿಡ್ನಿ ಊದಿದ್ದರೆ ಕಣ್ಣು ಮೂತ್ರಕೋಶದ ಮೇಲೆ ಇರಲಿ. ಒಮ್ಮೆ ನೋಡಿ ಬಿಡಬಾರದು. ತಾಯಿಯನ್ನು ಹೊರಗೆ ಕೂರಿಸಿ, ಅರ್ಧ ಮುಕ್ಕಾಲು ಗಂಟೆ ಬಿಟ್ಟು ಮತ್ತೆ ನೋಡಬೇಕು. ಖಾಲಿಯಾಗಿ ಮತ್ತೆ ತುಂಬುತ್ತಿದ್ದರೆ ಕೆಳಗಿನ ದಾರಿ ತೆರೆದಿದೆ. ಖಾಲಿಯೇ ಆಗದೆ, ಗೋಡೆ ದಪ್ಪವಾಗಿ, ಕೆಳತುದಿಯಲ್ಲಿ ಬೀಗದ ತೂತಿನ ಆಕಾರ ಕಂಡರೆ ತಡೆ ಮೂತ್ರಕೋಶದ ಬಾಯಿಯಿಂದ ಕೆಳಗಿದೆ. ಮೂತ್ರಕೋಶದಿಂದ ಹೊರಕ್ಕೆ ಹೋಗುವ ನಾಳದ ಹಿಂಭಾಗದಲ್ಲಿ ತೆಳು ಪೊರೆಯ ಕವಾಟ ಬೆಳೆದಿರುವುದೇ ಇದಕ್ಕೆ ಎಲ್ಲಕ್ಕಿಂತ ಸಾಮಾನ್ಯ ಕಾರಣ. ನಾಳವೇ ರೂಪುಗೊಳ್ಳದೆ ಇರುವುದು ಅಪರೂಪ, ಆದರೆ ಇನ್ನೂ ಕಠಿಣ.

ಎರಡು ಕಡೆ ದಾರಿ ತಪ್ಪುವ ಸಾಧ್ಯತೆ ಇದೆ. ಮೂತ್ರಕೋಶ ತುಂಬಾ ದೊಡ್ಡದಿದ್ದೂ ನೀರು ಸರಿಯಾಗಿ, ಇಲ್ಲವೇ ಹೆಚ್ಚಾಗಿಯೇ ಇದ್ದರೆ ಅದು ತಡೆ ಇರಲಿಕ್ಕಿಲ್ಲ. ಮೂತ್ರಕೋಶ ಮತ್ತು ಕರುಳಿನ ಸ್ನಾಯುಗಳೇ ಕೆಲಸ ಮಾಡದ ಕಾಯಿಲೆ ಇರಬಹುದು, ಅಲ್ಲಿ ಮೂತ್ರ ಹೊರಹರಿಸಲು ನಳಿಕೆ ಹಾಕಿ ಏನೂ ಪ್ರಯೋಜನವಿಲ್ಲ. ಇನ್ನೊಂದು, ನೀರೂ ಇಲ್ಲ, ಮೂತ್ರಕೋಶವೂ ಕಾಣುತ್ತಿಲ್ಲ ಅನ್ನುವ ಸ್ಥಿತಿ. ಆಗ ಎರಡೂ ಕಿಡ್ನಿ ಇಲ್ಲದಿರಬಹುದು, ಅಥವಾ ನೀರು ಒಡೆದು ಸೋರುತ್ತಿರಬಹುದು. ‘ಬಟ್ಟೆ ಒದ್ದೆ ಆಗ್ತೈತೇನಮ್ಮ?’ ಎಂದು ತಾಯಿಯನ್ನು ಕೇಳುವುದನ್ನು ಮರೆಯಬೇಡಿ. ಮಷಿನ್ನು ತೋರಿಸದ ಎಷ್ಟೋ ವಿಷಯ ಆ ಒಂದು ಪ್ರಶ್ನೆಯಿಂದ ಗೊತ್ತಾಗುತ್ತದೆ.

11ರಿಂದ 14 ವಾರದ ಸ್ಕ್ಯಾನಿನಲ್ಲೇ ಮೂತ್ರಕೋಶದ ಉದ್ದ 7 ಮಿಲಿಮೀಟರ್ ದಾಟಿದ್ದರೆ ಬೇರೆ ಲೆಕ್ಕ. 7ರಿಂದ 15ರ ನಡುವೆ ಇದ್ದರೆ ಮೊದಲು ಕ್ರೋಮೋಸೋಮ್ ಪರೀಕ್ಷೆ ಆಗಬೇಕು. ಅದು ಸರಿಯಿದ್ದರೆ ಹತ್ತರಲ್ಲಿ ಒಂಬತ್ತು ಕೂಸುಗಳಲ್ಲಿ ಊತ ತಾನೇ ಇಳಿಯುತ್ತದೆ. 15 ದಾಟಿದ್ದರೆ ನಿಜವಾದ ತಡೆಯ ಸಾಧ್ಯತೆ ಬಹಳ ಹೆಚ್ಚು.

ಯಾವಾಗ ಕಟ್ಟಿತು

ಇಲ್ಲಿ ನಿಧಾನವಾಗಿ ಓದಿ. ಒಂದೇ ಥರದ ತಡೆ ಇರುವ ಎರಡು ಕೂಸುಗಳಲ್ಲಿ ಒಂದು ಹುಟ್ಟಿದ ಮೇಲೆ ಚೆನ್ನಾಗಿ ಬೆಳೆಯುತ್ತದೆ, ಇನ್ನೊಂದು ಉಳಿಯುವುದೇ ಇಲ್ಲ. ಯಾಕೆ ಹೀಗೆ ಎಂದು ತಿಳಿಯಲು ಮನುಷ್ಯರ ಮೇಲೆ ಪ್ರಯೋಗ ಮಾಡಲಾಗದು. 1971ರಲ್ಲಿ ಬೆಕ್ ಎಂಬ ವೈದ್ಯರು ಗರ್ಭದಲ್ಲಿದ್ದ ಕುರಿಮರಿಗಳ ಮೂತ್ರನಾಳವನ್ನು ಬೇರೆ ಬೇರೆ ದಿನಗಳಲ್ಲಿ ಕಟ್ಟಿ ನೋಡಿದರು. ಗಬ್ಬದ ಮೊದಲ ಅರ್ಧದಲ್ಲಿ ಕಟ್ಟಿದಾಗ ಕಿಡ್ನಿಯ ರಚನೆಯೇ ಕೆಟ್ಟಿತು. ಸೋಸುವ ಅಂಗಾಂಶ ಇರಬೇಕಾದ ಜಾಗದಲ್ಲಿ ಗುಳ್ಳೆ, ನಾರು ಬೆಳೆದವು. ಎರಡನೇ ಅರ್ಧದಲ್ಲಿ ಕಟ್ಟಿದಾಗ ಕಿಡ್ನಿ ಊದಿತು, ಆದರೆ ಅದರ ರಚನೆ ಉಳಿಯಿತು.

ಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆ ಕಂಡವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ನಿಂತ ನೀರು ಸಸಿಮಡಿಯನ್ನು ಕೊಳೆಸಿಬಿಡುತ್ತದೆ. ಅದೇ ನೀರು ಬೆಳೆದು ನಿಂತ ಪೈರಿಗೆ ಬಂದರೆ ಪೈರು ಬಾಗುತ್ತದೆ, ನೀರು ಬಸಿದರೆ ಚೇತರಿಸಿಕೊಳ್ಳುತ್ತದೆ.

1980ರ ದಶಕದ ಆರಂಭದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಹ್ಯಾರಿಸನ್ ಅವರ ತಂಡ ಇದೇ ದಾರಿಯಲ್ಲಿ ಮುಂದೆ ಹೋಯಿತು. ಕುರಿಯ ಗಬ್ಬ ಸುಮಾರು 145ರಿಂದ 150 ದಿನ. ಅವರು 100ನೇ ದಿನದ ಆಸುಪಾಸಿನಲ್ಲಿ ಮರಿಗಳ ಮೂತ್ರದ ಕೆಳದಾರಿಯನ್ನು ಮುಚ್ಚಿದರು. ಆ ಮರಿಗಳು ದೊಡ್ಡ ಮೂತ್ರಕೋಶ, ಊದಿದ ಕಿಡ್ನಿ, ಬೆಳೆಯದ ಶ್ವಾಸಕೋಶ ಹೊತ್ತು ಹುಟ್ಟಿದವು, ಉಸಿರಾಡಲಾಗದೆ ಸತ್ತವು. ಮನುಷ್ಯರ ಕೂಸುಗಳಲ್ಲಿ ಕಾಣುವ ಚಿತ್ರವೇ ಅದು. ಇನ್ನು ಕೆಲವು ಮರಿಗಳಲ್ಲಿ ಕೆಲವು ವಾರದ ಮೇಲೆ ಮತ್ತೆ ಗರ್ಭ ತೆರೆದು, ಮೂತ್ರಕೋಶದಿಂದ ಹೊರಕ್ಕೆ ದಾರಿ ಮಾಡಿಕೊಟ್ಟರು. ಅವುಗಳ ಶ್ವಾಸಕೋಶ ಬೆಳೆದಿತ್ತು. ಮುಂದೆ ಅದೇ ತಂಡದ ಗ್ಲಿಕ್ ಅವರು 60ನೇ ದಿನದ ಸುಮಾರಿಗೇ ಮೂತ್ರನಾಳ ಕಟ್ಟಿದಾಗ ಕಿಡ್ನಿಯ ರಚನೆ ಕೆಡುತ್ತದೆ, ಬೇಗ ಬಿಡಿಸಿದರೆ ಆ ಕೇಡು ತಪ್ಪುತ್ತದೆ, ತಡಮಾಡಿದಷ್ಟೂ ಉಳಿಯುವುದು ಕಡಿಮೆ ಎಂದು 1983 ಮತ್ತು 1984ರಲ್ಲಿ ತೋರಿಸಿದರು.

1981ರಲ್ಲಿ ಇದೇ ತಂಡ ಮನುಷ್ಯರಲ್ಲಿ ಮೊದಲ ಸಲ ಗರ್ಭಕೋಶ ತೆರೆದು ಇಂಥ ಕೂಸಿನ ಮೂತ್ರದ ದಾರಿ ಬಿಡಿಸಿತು. ಶಸ್ತ್ರಚಿಕಿತ್ಸೆ ನಡೆಯಿತು, ತಾಯಿ ಕ್ಷೇಮವಾಗಿದ್ದರು. ಕೂಸು ಹುಟ್ಟಿದ ಮೇಲೆ ಉಳಿಯಲಿಲ್ಲ, ಅದರ ಶ್ವಾಸಕೋಶ ಬೆಳೆದಿರಲಿಲ್ಲ. ತಾಂತ್ರಿಕವಾಗಿ ಗೆದ್ದರೂ ಕಾಲ ಮೀರಿಹೋಗಿತ್ತು. ಕುರಿಮರಿಗಳಲ್ಲಿ ಕಂಡ ಪಾಠವೇ ಇಲ್ಲೂ ಕಂಡಿತು.

ಸ್ಕ್ಯಾನಿಂಗ್ ಕೋಣೆಯಲ್ಲಿ ಇದರ ಉಪಯೋಗ ಹೀಗೆ. ನೀರು ಯಾವ ವಾರದಲ್ಲಿ ಕಡಿಮೆಯಾಗತೊಡಗಿತು ಎಂದು ಹಳೇ ರಿಪೋರ್ಟುಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿ. 18-20 ವಾರಕ್ಕೆ ಸರಿಯಿದ್ದ ನೀರು 30ನೇ ವಾರದಲ್ಲಿ ಕಡಿಮೆಯಾದರೆ ತಡೆ ತಡವಾಗಿ ಬಿಗಿಯಾಗಿದೆ, ಕಿಡ್ನಿ ಉಳಿದಿರುವ ಸಾಧ್ಯತೆ ಹೆಚ್ಚು. 18ನೇ ವಾರಕ್ಕೇ ನೀರಿಲ್ಲದಿದ್ದರೆ ಸ್ಥಿತಿ ಬಹಳ ಕಠಿಣ. ಕಿಡ್ನಿ ಬೆಳ್ಳಗೆ ಹೊಳೆಯುತ್ತಾ, ಅದರ ಹೊರಭಾಗದಲ್ಲಿ ಸಣ್ಣ ಗುಳ್ಳೆಗಳು ಕಂಡರೆ ರಚನೆ ಕೆಟ್ಟಾಗಿದೆ. ಗುಳ್ಳೆ ಕಾಣಲಿಲ್ಲ ಅಂದಮಾತ್ರಕ್ಕೆ ಕಿಡ್ನಿ ಸರಿಯಿದೆ ಎಂದೂ ಹೇಳಲಾಗದು.

ಇದನ್ನೆಲ್ಲ ವಿವರಿಸುವಾಗ ಚಳ್ಳಕೆರೆ ಕಡೆಯ ಕುರಿಗಾರ ಹಿರಿಯರೊಬ್ಬರು ಕೇಳಿದ ಪ್ರಶ್ನೆ ನನ್ನ ಮನಸ್ಸಿನಲ್ಲಿ ಉಳಿದಿದೆ. ‘ಕುರಿ ಐದು ತಿಂಗಳಿಗೆ ಈಯುತ್ತೆ. ನಮ್ಮ ಸೊಸೆಗೆ ಒಂಬತ್ತು ತಿಂಗಳು ತುಂಬಬೇಕು. ಕುರಿಯಾಗ ಕಂಡಿದ್ದು ಮನುಷ್ಯರಿಗೆ ಹೆಂಗೆ ಹೊಂದುತ್ತೆ ಡಾಕ್ಟ್ರೇ?’ ಯಾವ ಪರೀಕ್ಷಕರಿಗೂ ಕಡಿಮೆಯಿಲ್ಲದ ಪ್ರಶ್ನೆ ಅದು. ‘ಯಜಮಾನ್ರೇ, ದಿನ ಲೆಕ್ಕ ಹಾಕಬಾರದು, ಕಿಡ್ನಿ ಯಾವಾಗ ಪೂರ್ತಿ ಆಗುತ್ತೆ ಅನ್ನೋದನ್ನ ನೋಡ್ಬೇಕು’ ಎಂದೆ. ಮನುಷ್ಯರ ಕೂಸಿನಲ್ಲಿ ಸುಮಾರು 34-36 ವಾರಕ್ಕೆ ಕಿಡ್ನಿಯಲ್ಲಿ ಹೊಸ ಸೋಸುವ ಘಟಕಗಳು ಹುಟ್ಟುವುದು ನಿಲ್ಲುತ್ತದೆ. ಕುರಿಮರಿಯಲ್ಲೂ ಅದು ಹುಟ್ಟುವ ಮೊದಲೇ ಮುಗಿಯುತ್ತದೆ. ಇಲಿ, ಮೊಲಗಳಲ್ಲಿ ಹುಟ್ಟಿದ ಮೇಲೂ ನಡೆಯುತ್ತಿರುತ್ತದೆ. ಕುರಿಯನ್ನು ಆರಿಸಿದ್ದಕ್ಕೆ ಇದು ದೊಡ್ಡ ಕಾರಣ.

ಕಿಡ್ನಿಯಲ್ಲಿ ಜೀವ ಇದೆಯೇ

ಚಿತ್ರದಿಂದ ತಿಳಿಯದ್ದು ಮೂತ್ರದಿಂದ ತಿಳಿಯುತ್ತದೆ. ಆರೋಗ್ಯವಾಗಿರುವ ಕೂಸಿನ ಕಿಡ್ನಿ ಉಪ್ಪನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ, ಹಾಗಾಗಿ ಮೂತ್ರ ತೆಳುವಾಗಿ, ಉಪ್ಪಿಲ್ಲದೆ ಇರುತ್ತದೆ. ಕೆಟ್ಟ ಕಿಡ್ನಿ ಉಪ್ಪನ್ನು ಸೋರಿಸುತ್ತದೆ. ತಾಯಿಯ ಹೊಟ್ಟೆಯ ಮೂಲಕ ತೆಳು ಸೂಜಿ ಇಳಿಸಿ ಕೂಸಿನ ಮೂತ್ರ ತೆಗೆದು ನೋಡಬಹುದು. 1985ರಲ್ಲಿ ಗ್ಲಿಕ್ ಮತ್ತು ಹ್ಯಾರಿಸನ್ ತಂಡ ಕೊಟ್ಟ ಗಡಿಗಳು ಇಂದಿಗೂ ಬಳಕೆಯಲ್ಲಿವೆ: ಲೀಟರಿಗೆ ಸೋಡಿಯಂ 100, ಕ್ಲೋರೈಡ್ 90 ಮಿಲಿ ಈಕ್ವಿವಲೆಂಟ್‌ಗಿಂತ ಕಡಿಮೆ, ಆಸ್ಮೊಲಾಲಿಟಿ (ಮೂತ್ರದಲ್ಲಿ ಕರಗಿದ ಅಂಶಗಳ ಒಟ್ಟು ಪ್ರಮಾಣ) 210ಕ್ಕಿಂತ ಕಡಿಮೆ ಇದ್ದರೆ ಕಿಡ್ನಿ ಉಳಿದಿರುವ ಆಸೆ ಇದೆ. ಬೀಟಾ-2 ಮೈಕ್ರೋಗ್ಲಾಬ್ಯುಲಿನ್ ಎಂಬ ಪ್ರೋಟೀನ್ ಹೆಚ್ಚಿದ್ದರೆ ಕಿಡ್ನಿಗೆ ಪೆಟ್ಟಾಗಿದೆ.

ಒಂದೇ ಸಲ ತೆಗೆದ ಮೂತ್ರ ನಂಬಬಾರದು. ಮೊದಲ ಸಲ ಸೂಜಿಗೆ ಬರುವುದು ವಾರಗಟ್ಟಲೆ ಮೂತ್ರಕೋಶದಲ್ಲಿ ನಿಂತಿದ್ದದ್ದು. ಎರಡನೇ ಸಲ ಬರುವುದು ಊದಿದ ನಾಳಗಳಲ್ಲಿ ಕೂತಿದ್ದದ್ದು. ಮೂರನೇ ಸಲದ್ದು ಮಾತ್ರ ಕಿಡ್ನಿ ಈಗ ಹೊಸದಾಗಿ ಮಾಡಿದ್ದು. ಎರಡು ಮೂರು ದಿನ ಬಿಟ್ಟು ಬಿಟ್ಟು ತೆಗೆದು, ಸೋಡಿಯಂ ಇಳಿಯುತ್ತಾ ಹೋಗುತ್ತಿದೆಯೇ ಎಂದು ನೋಡಬೇಕು. ಸೂಜಿ ಹಾಕಿದ ಮೇಲೆ ಮೂತ್ರಕೋಶ ಮತ್ತೆ ತುಂಬಿತೇ, ಎಷ್ಟು ಬೇಗ ತುಂಬಿತು ಅನ್ನುವುದೂ ಒಂದು ಪರೀಕ್ಷೆಯೇ. ತುಂಬದಿದ್ದರೆ ಕಿಡ್ನಿ ಮೂತ್ರ ಮಾಡುತ್ತಿಲ್ಲ. ಗರ್ಭದ ವಯಸ್ಸು ಹೆಚ್ಚಿದಂತೆ ಸಾಮಾನ್ಯ ಸೋಡಿಯಂ ಕೂಡ ಇಳಿಯುತ್ತದೆ. ಆದ್ದರಿಂದ 17ನೇ ವಾರದ ಫಲಿತಾಂಶಕ್ಕೆ 28ನೇ ವಾರದ ಗಡಿ ಹಚ್ಚಬಾರದು.

ಶ್ವಾಸಕೋಶ

ಇಂಥ ಕೂಸು ಹುಟ್ಟಿದ ದಿನವೇ ಸತ್ತರೆ ಬಹುಮಟ್ಟಿಗೆ ಅದು ಕಿಡ್ನಿಯಿಂದಲ್ಲ, ಉಸಿರಿನಿಂದ. ಕಿಡ್ನಿ ಕೆಲಸವನ್ನು ಗರ್ಭದಲ್ಲಿ ತಾಯಿಯ ಮಾಸು ಮಾಡಿಕೊಡುತ್ತದೆ. ಶ್ವಾಸಕೋಶ ಬೆಳೆಯಲು ಸುತ್ತ ನೀರೂ ಬೇಕು, ಒಳಗೂ ನೀರು ನಿಲ್ಲಬೇಕು. 16ರಿಂದ 26 ವಾರದ ನಡುವೆ ನೀರಿಲ್ಲದೆ ಹೋದರೆ ಆ ನಷ್ಟವನ್ನು ಆಮೇಲೆ ತುಂಬಲಾಗುವುದಿಲ್ಲ. ನೀರಿನ ಅತಿ ಆಳದ ಗುಳಿ 2 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ, ಎದೆಯ ಸುತ್ತಳತೆ ಹೊಟ್ಟೆಗೆ ಹೋಲಿಸಿದರೆ ಕಿರಿದಾಗಿದ್ದರೆ ರಿಪೋರ್ಟಿನಲ್ಲಿ ಸ್ಪಷ್ಟವಾಗಿ ಬರೆಯಿರಿ.

ನಳಿಕೆ ಹಾಕಿಸಬೇಕೇ

ಇಂದು ಗರ್ಭಕೋಶ ತೆರೆಯುವುದಿಲ್ಲ. ಸ್ಕ್ಯಾನಿಂಗ್ ನೋಡಿಕೊಂಡು ಸೂಜಿಯ ಮೂಲಕ ಎರಡೂ ತುದಿ ಸುರುಳಿಯಾದ ಸಣ್ಣ ನಳಿಕೆ ಇಳಿಸುತ್ತಾರೆ. ಒಂದು ತುದಿ ಕೂಸಿನ ಮೂತ್ರಕೋಶದಲ್ಲಿ, ಇನ್ನೊಂದು ಗರ್ಭದ ನೀರಿನಲ್ಲಿ. ಅದಕ್ಕೆ ದಾವಣಗೆರೆ, ಚಿತ್ರದುರ್ಗದವರು ಬೆಂಗಳೂರಿನಂಥ ದೊಡ್ಡ ಊರಿನ ಫೀಟಲ್ ಮೆಡಿಸಿನ್ (ಗರ್ಭದ ಕೂಸಿನ ಚಿಕಿತ್ಸೆ) ಕೇಂದ್ರಕ್ಕೆ ಹೋಗಬೇಕು. ನಳಿಕೆ ಜಾರುವುದು, ಕಟ್ಟುವುದು ಅಪರೂಪವಲ್ಲ. ಮತ್ತೆ ಹಾಕಿಸಬೇಕಾಗಬಹುದು ಎಂದು ಮೊದಲೇ ಹೇಳಿ ಕಳಿಸಿ, ಇಲ್ಲದಿದ್ದರೆ ಬಸ್ಸಿನ ಖರ್ಚಿಗೂ ಸಾಲ ಮಾಡಿ ಹೋದವರು ಅರ್ಧದಲ್ಲಿ ಕೈಬಿಡುತ್ತಾರೆ.

ಎಷ್ಟು ಉಪಯೋಗ? ಬ್ರಿಟನ್ ಮುಂದಾಳತ್ವದ ಪ್ಲೂಟೊ ಎಂಬ ಅಧ್ಯಯನ ಇದನ್ನು ಸರಿಯಾಗಿ ಅಳೆಯಲು ಹೊರಟಿತು. 150 ಗರ್ಭಿಣಿಯರು ಬೇಕೆಂದಿದ್ದರು, ಸೇರಿದ್ದು 31 ಮಂದಿ. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ ನಳಿಕೆ ಹಾಕಿದ ಗುಂಪಿನ 16 ಕೂಸುಗಳಲ್ಲಿ 8, ಹಾಕದ ಗುಂಪಿನ 15ರಲ್ಲಿ 4 ಕೂಸುಗಳು 28 ದಿನ ದಾಟಿದವು. ಬದುಕಿದವರಲ್ಲೂ ಕಿಡ್ನಿ ಸರಿಯಾಗಿ ಉಳಿದದ್ದು ಬಹಳ ಕಡಿಮೆ. ಇದನ್ನು ಓದಿ ನಾನು ಬಂದಿರುವ ಅಭಿಪ್ರಾಯ ಇದು: ನಳಿಕೆ ಶ್ವಾಸಕೋಶಕ್ಕೆ ಅವಕಾಶ ಕೊಡುತ್ತದೆ, ಕೆಟ್ಟುಹೋದ ಕಿಡ್ನಿಯನ್ನು ತಿರುಗಿ ಕೊಡುವುದಿಲ್ಲ. ನೀರು ಕಡಿಮೆ ಇದ್ದು, ಮೂತ್ರ ಪರೀಕ್ಷೆ ಚೆನ್ನಾಗಿದ್ದು, ಕ್ರೋಮೋಸೋಮ್ ಸರಿಯಿದ್ದು, ಬೇರೆ ಅಂಗದೋಷ ಇಲ್ಲದ ಕೂಸಿಗೆ ಮಾತ್ರ ಅದನ್ನು ಸೂಚಿಸಬೇಕು. ಮೂತ್ರ ಪರೀಕ್ಷೆ ಕೆಟ್ಟಿದ್ದರೆ ತಂದೆತಾಯಿಯ ಮುಂದೆ ಕೂತು ಸತ್ಯ ಹೇಳಬೇಕು. ಗರ್ಭಪಾತದ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯ ನಂತರ ಗಂಭೀರ ದೋಷವಿದ್ದರೆ 24 ವಾರ ದಾಟಿದ ಮೇಲೂ ಗರ್ಭಪಾತಕ್ಕಾಗಿ ವೈದ್ಯಕೀಯ ಮಂಡಳಿಯ ಮುಂದೆ ಹೋಗಲು ಕಾನೂನಿನಲ್ಲಿ ದಾರಿ ಇದೆ. ಅದನ್ನು ಆರಿಸುವುದು ಬಿಡುವುದು ಅವರಿಗೆ ಸೇರಿದ್ದು, ಮಾಹಿತಿ ಮುಚ್ಚಿಡುವ ಹಕ್ಕು ನಮಗಿಲ್ಲ.

ಕುರಿಯ ಫಲಿತಾಂಶ ಮನುಷ್ಯರಿಗೆ ಹೊಂದದಿದ್ದಾಗ

ಕುರಿಮರಿ ಚೇತರಿಸಿಕೊಂಡಿತು, ಮನುಷ್ಯರ ಕೂಸು ಯಾಕೆ ಅಷ್ಟು ಚೇತರಿಸಿಕೊಳ್ಳುವುದಿಲ್ಲ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಪ್ರಯೋಗದಲ್ಲಿ ಕಟ್ಟುವ ದಿನದವರೆಗೆ ಮರಿಯ ಕಿಡ್ನಿ ಪೂರ್ತಿ ಆರೋಗ್ಯವಾಗಿತ್ತು. ಮನುಷ್ಯರಲ್ಲಿ ಕವಾಟ ಮತ್ತು ಕಿಡ್ನಿ ಒಟ್ಟೊಟ್ಟಿಗೇ ಬೆಳೆಯುತ್ತವೆ, ತಡೆ ಕಣ್ಣಿಗೆ ಬೀಳುವ ಹೊತ್ತಿಗೆ ಎಷ್ಟೋ ವಾರ ಕಳೆದಿರುತ್ತವೆ. ದಾರದಿಂದ ಕಟ್ಟಿದ ತಡೆ ಪೂರ್ತಿ, ಕವಾಟದ ತಡೆ ಅರೆಬರೆ. ಇನ್ನೊಂದು ವ್ಯತ್ಯಾಸ ಯುರಾಕಸ್ ಎಂಬ ನಾಳದ್ದು. ಕುರಿಮರಿಯ ಮೂತ್ರಕೋಶದ ತುದಿಯಿಂದ ಅದು ಹೊಕ್ಕುಳಬಳ್ಳಿಯ ಮೂಲಕ ಅಲಾಂಟಾಯಿಸ್ ಎಂಬ ಚೀಲಕ್ಕೆ ಹೋಗುತ್ತದೆ, ಗಬ್ಬದ ಕೊನೆವರೆಗೂ ತೆರೆದಿರುತ್ತದೆ. ಕೆಳಗಿನ ನಾಳ ಮಾತ್ರ ಕಟ್ಟಿ ಇದನ್ನು ಬಿಟ್ಟರೆ ಮೂತ್ರ ಮೇಲಿನಿಂದ ಹರಿದುಹೋಗುತ್ತದೆ, ಮೂತ್ರಕೋಶ ಊದುವುದೇ ಇಲ್ಲ. ಆದ್ದರಿಂದಲೇ ಹ್ಯಾರಿಸನ್ ತಂಡ ಎರಡನ್ನೂ ಮುಚ್ಚಿತು. ಇಂಥ ಪ್ರಬಂಧ ಓದುವಾಗ ಯುರಾಕಸ್ ಕಟ್ಟಿದ್ದಾರೆಯೇ, ಕಟ್ಟಿದ ದಿನ ಯಾವುದು ಎಂದು ಮೊದಲು ನೋಡಿ.

ಗರ್ಭಕೋಶದ ಸ್ವಭಾವವೂ ಬೇರೆ. ಕುರಿಯ ಗರ್ಭಕೋಶ ಶಸ್ತ್ರಚಿಕಿತ್ಸೆಯನ್ನು ಸಹಿಸಿಕೊಳ್ಳುತ್ತದೆ, ಬೇಗ ಹೆರಿಗೆ ನೋವು ಬರುವುದಿಲ್ಲ. ಮಾಸು ಕೂಡ ಅಂಗಿ ಗುಂಡಿಯಂಥ ಹಲವು ತುಂಡುಗಳಾಗಿ ಹರಡಿರುವುದರಿಂದ ನಡುವೆ ಕೊಯ್ಯಲು ಜಾಗ ಸಿಗುತ್ತದೆ. ಕೋತಿಗಳಲ್ಲಿ, ಮನುಷ್ಯರಲ್ಲಿ ಹಾಗಿಲ್ಲ. ತಾಯಿಯ ಸುರಕ್ಷತೆಗಾಗಿ ಕೋತಿಗಳ ಮೇಲೂ ಪ್ರಯೋಗ ನಡೆದದ್ದು ಅದಕ್ಕೇ. ನಮ್ಮ ದೇಶದಲ್ಲಿ ಇಂಥ ಪ್ರಯೋಗಗಳಿಗೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ರಚಿಸಿದ ಸಮಿತಿಯ ಅನುಮತಿ ಕಡ್ಡಾಯ. ಆ ಬಿಗಿ ಇರಬೇಕು ಅನ್ನುವವನು ನಾನು. ಒಂದು ಪ್ರಾಣಿಯ ಜೀವ ತೆಗೆದುಕೊಂಡ ಮೇಲೆ ಅದು ಕೊಟ್ಟ ಉತ್ತರವನ್ನು ಸರಿಯಾಗಿ ಓದುವ ಜವಾಬ್ದಾರಿ ನಮ್ಮ ಮೇಲಿರುತ್ತದೆ.

ರಿಪೋರ್ಟ್ ಬರೆಯುವಾಗ

ಹಿಂಭಾಗದ ಕವಾಟ ಗಂಡು ಕೂಸಿಗೆ ಮಾತ್ರ ಬರುವಂಥದ್ದು. ಆ ಹೆಸರನ್ನೇ ರಿಪೋರ್ಟಿನಲ್ಲಿ ಬರೆದರೆ ಲಿಂಗ ತಿಳಿಸಿದಂತೆ ಆಗುತ್ತದೆ, 1994ರ ಪ್ರಸವಪೂರ್ವ ಲಿಂಗಪತ್ತೆ ತಡೆ ಕಾಯ್ದೆ ಅದನ್ನು ಒಪ್ಪುವುದಿಲ್ಲ. ‘ಮೂತ್ರದ ಕೆಳದಾರಿಯ ತಡೆ’ ಎಂದಷ್ಟೇ ಬರೆಯಿರಿ. ಚಿಕಿತ್ಸೆಯ ತೀರ್ಮಾನಕ್ಕೆ ಅಷ್ಟು ಸಾಕು.

ಹುಟ್ಟಿದ ಮೇಲೆ

ಮಕ್ಕಳ ಶಸ್ತ್ರಚಿಕಿತ್ಸಕರು, ವೆಂಟಿಲೇಟರ್ ಇರುವ ಊರಲ್ಲೇ ಹೆರಿಗೆ ಆಗಲಿ. ಉಸಿರು ನೆಟ್ಟಗಾದ ಮೇಲೆ ಮೊದಲ ಕೆಲಸ ಮೂತ್ರಕೋಶ ಖಾಲಿ ಮಾಡುವುದು. ಅದಕ್ಕೆ 5 ಅಥವಾ 6 ನಂಬರಿನ ಫೀಡಿಂಗ್ ಟ್ಯೂಬ್ ಸಾಕು. ಬಲೂನ್ ಇರುವ ಫೋಲಿ ಕ್ಯಾಥೆಟರ್ ಬೇಡ, ದಪ್ಪಗಟ್ಟಿದ ಮೂತ್ರಕೋಶ ಬಲೂನಿನ ಮೇಲೆ ಬಿಗಿದುಕೊಂಡು ಮೇಲಿನ ನಾಳಗಳ ಬಾಯನ್ನು ಮುಚ್ಚಬಹುದು. ಮೂತ್ರ ಬಿಟ್ಟ ಮೇಲೆ ನೀರೂ ಉಪ್ಪೂ ಹೊಳೆಯಂತೆ ಹೋಗಬಹುದು, ತೂಕ, ಸೋಡಿಯಂ ನೋಡುತ್ತಿರಿ. ಮೊದಲ ಎರಡು ದಿನದ ಕ್ರಿಯಾಟಿನಿನ್ (ಕಿಡ್ನಿ ಸೋಸಬೇಕಾದ ರಕ್ತದ ಕಸ) ತಾಯಿಯದ್ದನ್ನು ತೋರಿಸುತ್ತದೆ, ಆಮೇಲಿನದ್ದೇ ಕೂಸಿನದ್ದು. ಬಣ್ಣ ಹಾಕಿ ತೆಗೆಯುವ ಎಕ್ಸ್‌ರೇಯಲ್ಲಿ ಕವಾಟ ಖಚಿತವಾದ ಮೇಲೆ ದುರ್ಬೀನಿನಿಂದ ಅದನ್ನು ಕತ್ತರಿಸುತ್ತಾರೆ.

ಕವಾಟ ಹೋದರೂ ಮೂತ್ರಕೋಶ ತಿದ್ದಿಕೊಳ್ಳಲು ವರ್ಷಗಳು ಬೇಕು. ಗರ್ಭದಲ್ಲಿ ನಳಿಕೆ ಹಾಕಿದ್ದ ಕೂಸಿನ ಮೂತ್ರಕೋಶ ತುಂಬಿ ಖಾಲಿಯಾಗುವ ಅಭ್ಯಾಸವಿಲ್ಲದೆ ಕಿರಿದಾಗಿ, ಗಡುಸಾಗಿ ಉಳಿಯುವುದು ಕುರಿಮರಿಗಳಲ್ಲೂ ಕಂಡುಬಂದಿದೆ. ಮೊದಲ ವರ್ಷದಲ್ಲಿ ಕ್ರಿಯಾಟಿನಿನ್ ಇಳಿದು ಮುಟ್ಟಿದ ಅತಿ ಕಡಿಮೆ ಮಟ್ಟ ಡೆಸಿಲೀಟರಿಗೆ 0.8 ಮಿಲಿಗ್ರಾಂಗಿಂತ ಕೆಳಗಿದ್ದರೆ ಮುಂದಿನ ದಾರಿ ಹೆಚ್ಚು ಭರವಸೆಯದ್ದು. ಹಾಗಿದ್ದರೂ ಶಾಲೆಗೆ ಹೋಗುವ ವಯಸ್ಸಿನಲ್ಲಿ, ಮತ್ತೆ ಮೀಸೆ ಮೂಡುವ ವಯಸ್ಸಿನಲ್ಲಿ ಬಿ.ಪಿ., ಮೂತ್ರದಲ್ಲಿ ಪ್ರೋಟೀನ್, ಕ್ರಿಯಾಟಿನಿನ್ ನೋಡಿಸಲೇಬೇಕು. ದೇಹ ಏಕಾಏಕಿ ಬೆಳೆಯುವ ಆ ವರ್ಷಗಳಲ್ಲೇ ಉಳಿದ ಕಿಡ್ನಿಯ ಮೇಲೆ ಹೊರೆ ಬೀಳುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ಮುಂದಿನ ತಪಾಸಣೆಯ ತಿಂಗಳನ್ನು ಕನ್ನಡದಲ್ಲೇ ಬರೆದುಕೊಡಿ.